ಹದಿನಾರು ತುಂಬುವ ಮೊದಲು

ಕಮಲಾದೇವಿ ಟೀಚರ್ ಬೆಂಗಳೂರು ಬಿಟ್ಟು ದೂರ ಹೋದವರೇ ಅಲ್ಲ. ತಂಗಿಯ ಮದುವೆಗೆಂದು ಒಮ್ಮೆ ತಿಪಟೂರಿಗೆ, ಹರಕೆ ತೀರಿಸಲು ಒಮ್ಮೆ ನಂಜನಗೂಡಿಗೆ ಹೋಗಿ ಬಂದಿದ್ದರು, ಅಷ್ಟೆ. ಆದರೆ ಇಂಗ್ಲೆಂಡಿಗೆ ಯಾರ ಮಕ್ಕಳು ಹೋಗಬಹುದು, ಕೆನಡಾದವರು ಮಗಳೆಂದರೆ ಎಷ್ಟು ವಯಸ್ಸಿನವರೆಗೆ ಒಪ್ಪುತ್ತಾರೆ, ಆಸ್ಟ್ರೇಲಿಯಾದವರು ಬಣ್ಣ ನೋಡಿ ಹೊರಗಿಡುವುದನ್ನು ಕಾಯಿದೆಯ ಯಾವ ಮಾತಿನೊಳಗೆ ಮರೆಸಿಟ್ಟಿದ್ದಾರೆ, ಸಿಂಹಳದ ಟೀ ತೋಟಗಳಲ್ಲಿ ಮೂರು ತಲೆಮಾರು ದುಡಿದವರು ಯಾವ ಕಾಗದ ತೋರಿಸಲಾರದೆ ಹೊರಗಿನವರಾದರು, ಇದೆಲ್ಲ ಅವರಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. ೧೯೬೭ರ ಹೊತ್ತಿಗೆ ಜಯನಗರ ಎರಡನೇ ಬ್ಲಾಕಿನ ಅವರ ಒಂದೂವರೆ ಕೋಣೆಯ ಮನೆಯಲ್ಲಿ ದೇಶಕ್ಕೊಂದರಂತೆ ಏಳು ನೋಟ್‌ಬುಕ್ಕುಗಳು ಸೇರಿಕೊಂಡಿದ್ದವು. ಟೀಚರ್ ಫಾರಿನ್ನಿಗೆ ಹೊರಟಿದ್ದಾರೆ, ಯಾವಾಗ ವಿಮಾನ ಎಂದು ವಠಾರದವರು ನಗುತ್ತಿದ್ದರು. ಅವರು ಅಷ್ಟೆಲ್ಲ ಓದಿದ್ದು ಒಬ್ಬಳೇ ಒಬ್ಬ ಹುಡುಗಿಗಾಗಿ ಎಂಬುದು ಕೆಲವರಿಗೆ ಗೊತ್ತಿತ್ತು. ಆ ಹುಡುಗಿಯ ದಾರಿಗೆ ಅಡ್ಡ ನಿಂತವರೂ ಅವರೇ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅದು ಶುರುವಾಗಿದ್ದು ೧೯೫೫ರ ಜೂನಿನಲ್ಲಿ, ಯಡಿಯೂರಿನ ಪ್ರೈಮರಿ ಶಾಲೆಯ ಜಗಲಿಯ ಮೇಲೆ.

ಕಮಲಾದೇವಿ ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡವರು. ಅಲ್ಲಿಯವರೆಗೆ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹಗಲು ಅಣ್ಣನ ಮನೆಯಲ್ಲಿ ಕೆಲಸ ಮಾಡಿ, ಸಂಜೆ ರಾತ್ರಿಶಾಲೆಯಲ್ಲಿ ಮುದುಕರ ಪಕ್ಕ ಕೂತು ಸ್ಲೇಟು ಹಿಡಿದು ಕಲಿತವರು. ಒಂದೊಂದೇ ಪರೀಕ್ಷೆ ಕಟ್ಟಿ ಮೂವತ್ತು ದಾಟಿದ ಮೇಲೆ ಮೇಡಂ ಅನ್ನಿಸಿಕೊಂಡರು. ಹಾಗೆ ಕಲಿತದ್ದರಿಂದಲೋ ಏನೋ, ಅಚ್ಚಿನಲ್ಲಿರುವುದೆಲ್ಲ ಅವರಿಗೆ ದೊಡ್ಡದು. ಬಾಯಿಮಾತು ಯಾರದಾದರೂ ಇರಲಿ, ಪುಸ್ತಕದಲ್ಲಿ ನೋಡಿದ ಮೇಲೆಯೇ ನಂಬುವುದು. ತಿಳಿಯದಿದ್ದರೆ ಇನ್ನೊಬ್ಬರನ್ನು ಕೇಳುವ ಅಭ್ಯಾಸವೂ ಇಲ್ಲ. ಕೇಳಿದರೆ ರಾತ್ರಿಶಾಲೆಯ ಇಂಗ್ಲಿಷು ಬಯಲಾಗುತ್ತದೆಂಬ ಸಂಕೋಚ.

ಆ ಜೂನಿನಲ್ಲಿ ಸೊಪ್ಪು ಮಾರುವ ಸೊಣ್ಣಮ್ಮ ಮೊಮ್ಮಗಳನ್ನು ಕರೆತಂದು ಶಾಲೆಗೆ ಸೇರಿಸಿಕೊಳ್ಳಿ ಎಂದಳು. ಹುಡುಗಿಯ ಹೆಸರು ಗೌರಮ್ಮ, ಕರೆಯುವುದು ಗೌರಿ ಎಂದು. ತಾಯಿ ತೀರಿಕೊಂಡು ಎರಡು ವರ್ಷ. ಅಪ್ಪ ಬೈರಣ್ಣ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರು. ನಸುಕಿಗೆ ಸೈಕಲ್ ಹತ್ತಿದರೆ ಬರುವುದು ಕತ್ತಲಿಗೆ. ಅವರ ಎರಡೆಕರೆ ಹೊಲ ಜಯನಗರದ ಸೈಟುಗಳಿಗೆ ಹೋಗಿ, ಈಗ ಕೆರೆಯ ಹಿಂದಿನ ಒಂದು ತುಂಡು ನೆಲದಲ್ಲಿ ಸೊಣ್ಣಮ್ಮ ದಂಟು, ಮೆಂತ್ಯ ಬೆಳೆದು ಬಸವನಗುಡಿಗೆ ಹೊತ್ತು ಮಾರುತ್ತಿದ್ದಳು. ಆ ಹೊತ್ತಿನಲ್ಲಿ ಮಗು ಕೆರೆ ಏರಿಯ ಮೇಲೆ ಒಂದೇ ಕೂತಿರುತ್ತಿತ್ತು. ಎರಡು ಸಲ ನೀರಿಗಿಳಿದಿದ್ದನ್ನು ಅಗಸರವರು ನೋಡಿ ಎತ್ತಿ ತಂದಿದ್ದರು.

ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಸೊಣ್ಣಮ್ಮನ ಲೆಕ್ಕ ಬೇರೆ. ಸರಪಳಿ ಹಿಡಿದುಕೊಂಡು ಹೊಲ ಅಳೆಯೋಕೆ ಬಂದರಲ್ಲ, ಅದರ ಮುಂದಿನ ವರ್ಷ ಅವರೆ ಹೂ ಬಿಡುವ ಕಾಲ ಎಂದಳು. ಕಮಲಾದೇವಿ ಬೆರಳು ಮಡಿಸಿ ನೋಡಿದರು. ೧೯೫೦ರ ನವೆಂಬರು. ಇನ್ನೂ ಐದು ತುಂಬಿಲ್ಲ, ಒಂದನೇ ತರಗತಿಗೆ ಆರಾಗಿರಬೇಕು.

ಆಗ ಹಳ್ಳಿಯ ಶಾಲೆಗಳಲ್ಲಿ ವಯಸ್ಸು ನೋಡುವ ಕ್ರಮವೊಂದಿತ್ತು. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುವುದು. ಬೆರಳು ಕಿವಿಗೆ ತಗುಲಿದರೆ ಆರು ಆಯಿತೆಂದು ಲೆಕ್ಕ. ಗೌರಿಯ ಬೆರಳು ನೆತ್ತಿಯನ್ನು ದಾಟಿ ಕೂದಲಿನಲ್ಲೇ ನಿಂತುಹೋಯಿತು.

"ಇನ್ನೊಂದು ವರ್ಷ ಆಗ್ಲಿ ಸೊಣ್ಣಮ್ಮ," ಎಂದರು ಟೀಚರ್.

"ಒಂದು ವರ್ಷ ಇದು ಉಳೀಬೇಕಲ್ಲ ಅಮ್ಮೋರೆ. ಕೆರೆ ಪಕ್ಕದಲ್ಲೇ ಐತೆ."

ಕಮಲಾದೇವಿ ಮಗುವಿನ ತಲೆಯನ್ನು ಎಡಕ್ಕೆ ಸ್ವಲ್ಪ ಬಾಗಿಸಿ, ಕೈಯನ್ನು ಮೆಲ್ಲಗೆ ಎಳೆದು ಕಿವಿಗೆ ಮುಟ್ಟಿಸಿದರು. ಮಗು ಕಚಗುಳಿಯಾಯಿತೆಂದು ನಕ್ಕಿತು. ರಿಜಿಸ್ಟರಿನಲ್ಲಿ ಹುಟ್ಟಿದ ತಾರೀಖು ೧-೬-೧೯೪೯ ಎಂದು ಬರೆದರು. ಆ ರಿಜಿಸ್ಟರು ನೋಡಿದರೆ ಯಡಿಯೂರಿನ ಅರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ಯಾರಿಗೂ ಅದರಿಂದ ಕೆಡುಕಾಗಿರಲಿಲ್ಲ. ಬೇಗ ಸೇರಿದ ಮಗು ಬೇಗ ಪಾಸಾಗುತ್ತದೆ, ಬೇಗ ಕೆಲಸಕ್ಕೆ ಹೋಗುತ್ತದೆ. ಆ ದಿನ ಮನೆಗೆ ಹೋಗುವಾಗ ಅವರಿಗೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನವೇ ಇತ್ತು.

ಎರಡು ವರ್ಷದ ಮೇಲೆ ಬೈರಣ್ಣ ಇಂಗ್ಲೆಂಡಿಗೆ ಹೋದ. ಕಾರ್ಖಾನೆಗೆ ಬಂದಿದ್ದ ಒಬ್ಬ ಬಿಳಿ ಇಂಜಿನಿಯರು ಇವನ ಕೈಕೆಲಸ ಮೆಚ್ಚಿ, ಕವೆಂಟ್ರಿ ಎಂಬ ಊರಿನಲ್ಲಿ ಇಂಥವರು ಬೇಕಾಗಿದ್ದಾರೆ ಎಂದಿದ್ದನಂತೆ. ಆಗ ಹೋಗುವುದಕ್ಕೆ ಅಲ್ಲಿಯವರ ಅಡ್ಡಿಯಿರಲಿಲ್ಲ. ಪಾಸ್‌ಪೋರ್ಟು ಸಿಕ್ಕರೆ ಸಾಕಿತ್ತು. ಮೂರು ವರ್ಷ ದುಡಿದು ಬರುತ್ತೇನೆಂದು ಹೋದವನಿಗೆ ಮೂರು ಐದಾಯಿತು, ಐದು ಎಂಟಾಯಿತು. ಅವನ ಕಾಗದಗಳು ಕಮಲಾದೇವಿಯ ವಿಳಾಸಕ್ಕೇ ಬರುತ್ತಿದ್ದವು. ಸೊಣ್ಣಮ್ಮನಿಗೆ ಓದಲು ಬಾರದು. ಟೀಚರ್ ಓದಿ ಹೇಳುವುದು, ಅವಳು ಹೇಳಿದ್ದನ್ನು ಟೀಚರ್ ಬರೆಯುವುದು. ಗೌರಿ ದೊಡ್ಡವಳಾಗಿ ತಾನೇ ಓದುವ ಹಾಗಾದ ಮೇಲೂ ಆ ಪದ್ಧತಿ ಬದಲಾಗಲಿಲ್ಲ. ಭಾನುವಾರ ಅವಳು ಟೀಚರ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಅಪ್ಪನ ಕಾಗದವನ್ನು ಅವರ ಬಾಯಿಂದಲೇ ಕೇಳುತ್ತಿದ್ದಳು.

೧೯೬೫ರ ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಆ ಕಾಗದ ಬಂತು. ಬೈರಣ್ಣ ಕೊನೆಗೂ ಸ್ವಂತ ಮನೆ ಮಾಡಿದ್ದ. ಗೌರಿಯನ್ನು ಕರೆಸಿಕೊಳ್ಳಬೇಕು, ಅಲ್ಲೇ ಓದಿಸಬೇಕು ಎಂದು ಬರೆದಿದ್ದ. ತನ್ನ ಜೊತೆ ಕೆಲಸ ಮಾಡುವ ಶಂಭುಲಿಂಗಪ್ಪನ ಹೆಂಡತಿ ಮೀನಾಕ್ಷಮ್ಮ ಜುಲೈ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಬೊಂಬಾಯಿಯಿಂದ ಹಡಗು ಹತ್ತುತ್ತಾರೆ, ಅವರ ಜೊತೆ ಕಳಿಸಿಕೊಡಿ ಎಂದೂ, ಏನೇನು ಕಾಗದಪತ್ರ ಬೇಕೋ ಮೇಡಂ ಅವರೇ ವಿಚಾರಿಸಬೇಕು ಎಂದೂ ಇತ್ತು.

ಗೌರಿ ಅದನ್ನು ಕೇಳಿ ಎದ್ದು ಹೋಗಿ ಕೊಡದಿಂದ ಒಂದು ಲೋಟ ನೀರು ಕುಡಿದು ಬಂದು, ಇನ್ನೊಂದು ಸಲ ಓದಿ ಟೀಚರ್ ಎಂದಳು. ಮಾರನೆಯ ದಿನ ಹೈಸ್ಕೂಲಿನಲ್ಲಿ ಎಲ್ಲರಿಗೂ ಹೇಳಿದಳು. ಅಲ್ಲಿಂದ ಮುಂದೆ ಅವಳ ಹೆಸರು ಲಂಡನ್ ಗೌರಿ. ಲಂಡನ್ ಅಲ್ಲ, ಕವೆಂಟ್ರಿ ಎಂದು ಅವಳು ತಿದ್ದಿದಷ್ಟೂ ಹುಡುಗಿಯರು ಹಾಗೇ ಕರೆದರು.

ಕಮಲಾದೇವಿ ತಮ್ಮ ರೀತಿಯಲ್ಲಿ ವಿಚಾರಿಸಲು ಹೊರಟರು. ಯಾರನ್ನೂ ಕೇಳಲಿಲ್ಲ. ವಕೀಲ ಅನಂತರಾಮು ಅವರ ಪರಿಚಯದಿಂದ ಒಂದು ಕಾನೂನು ಕಾಲೇಜಿನ ಲೈಬ್ರರಿಯಲ್ಲಿ ಕೂರಲು ಅನುಮತಿ ಸಿಕ್ಕಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುವರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಇಂಗ್ಲೆಂಡಿನವರು ೧೯೬೨ರಲ್ಲಿ ಮಾಡಿದ ವಲಸೆ ಕಾಯಿದೆಯನ್ನು ಸಾಲು ಸಾಲಾಗಿ ನಕಲು ಮಾಡಿಕೊಂಡರು. ಮೂರನೇ ಶನಿವಾರ ಬೇಕಾದ ಸಾಲು ಸಿಕ್ಕಿತು. ಅಲ್ಲಿ ನೆಲೆಸಿದವರ ಮಕ್ಕಳು ಹದಿನಾರು ವರ್ಷದೊಳಗಿದ್ದರೆ ಅವರನ್ನು ತಡೆಯುವಂತಿಲ್ಲ.

ಪಾಸ್‌ಪೋರ್ಟಿಗೆ ಶಾಲೆಯ ಸರ್ಟಿಫಿಕೇಟಿನ ತಾರೀಖೇ ಆಧಾರ. ಅದರ ಪ್ರಕಾರ ಗೌರಿಗೆ ಆ ಜೂನ್ ಒಂದಕ್ಕೆ ಹದಿನಾರು ತುಂಬುತ್ತದೆ. ಹಡಗು ಇರುವುದು ಜುಲೈಯಲ್ಲಿ, ಅದಕ್ಕೆ ಮೊದಲು ಹುಡುಗಿಯನ್ನು ಒಬ್ಬಳನ್ನೇ ಕಳಿಸುವ ಹಾಗಿಲ್ಲ. ನಿಜದ ಲೆಕ್ಕದಲ್ಲಾದರೆ ಅವಳಿಗೆ ಇನ್ನೂ ಹದಿನಾಲ್ಕೂವರೆ.

ಕಮಲಾದೇವಿ ಪುಸ್ತಕ ಮುಚ್ಚಿದರು. ಹತ್ತು ವರ್ಷದ ಹಿಂದೆ ತಾವು ಬಾಗಿಸಿದ ಆ ಪುಟ್ಟ ತಲೆಯ ಬಿಸುಪು ಅಂಗೈಯಲ್ಲಿ ಇನ್ನೂ ಇದ್ದ ಹಾಗಾಯಿತು.

ತಪ್ಪು ಮಾಡಿದವರು ತಾವು, ಸರಿಮಾಡಬೇಕಾದವರೂ ತಾವೇ ಎಂದು ಅವರು ನಿಶ್ಚಯಿಸಿದರು. ತಾರೀಖು ತಿದ್ದಲು ಏನು ದಾರಿ ಎಂದು ಅನಂತರಾಮು ಅವರನ್ನು ಕೇಳಿದಾಗ, ಕೋರ್ಟಿನ ಡಿಕ್ರಿ ಬೇಕು, ತಪ್ಪಾಗಿ ಬರೆದೆ ಎಂದು ಬರೆದವರೇ ಬಂದು ಹೇಳಬೇಕು ಎಂದರು. ಅನಂತರಾಮು ಹಳೆಯ ಕಾಲದ ವಕೀಲರು, ಭಾಗದ ದಾವೆಗಳಲ್ಲಿ ಹೆಸರು ಮಾಡಿದವರು.

"ಇಂಗ್ಲೆಂಡಿನ ಕಾನೂನು ನಂಗೆ ಗೊತ್ತಿಲ್ಲಮ್ಮ. ಗೋಡೆ ಯಾರದು, ಬಾವಿ ಯಾರದು ಅಂದ್ರೆ ಹೇಳ್ತೀನಿ. ಆದ್ರೆ ಕೋರ್ಟಿನ ನಡಿಗೆ ಗೊತ್ತು. ಜುಲೈಗೆ ಆಗೋ ಕೆಲಸ ಅಲ್ಲ ಇದು. ಇರೋ ತಾರೀಖಿನಲ್ಲೇ ಒಂದು ಪ್ರಯತ್ನ ಮಾಡಬಾರದಾ?"

"ಸುಳ್ಳು ತಾರೀಖಿಟ್ಕೊಂಡು ಸಮುದ್ರ ದಾಟಿಸಿ, ಅಲ್ಲಿಂದ ವಾಪಸು ಕಳಿಸಿದ್ರೆ ಆ ಮಗು ಗತಿಯೇನು ಸಾರ್? ಕಾಯಿದೆ ಅಚ್ಚಾಗಿದೆ. ಹದಿನಾರು ಅಂದ್ರೆ ಹದಿನಾರೇ."

ದಾವೆ ಹೂಡಿದರು. ಪಾಸ್‌ಪೋರ್ಟಿನ ಅರ್ಜಿಯನ್ನು ತಾರೀಖು ಸರಿಯಾಗುವವರೆಗೆ ಕಳಿಸುವುದು ಬೇಡವೆಂದು ತಡೆದಿಟ್ಟರು. ಬೈರಣ್ಣನಿಗೆ ಎಲ್ಲವನ್ನೂ ವಿವರವಾಗಿ ಬರೆದರು, ತಾವು ಬರೆದ ಸುಳ್ಳನ್ನೂ ಸೇರಿಸಿ. ಅವನು ಸಿಟ್ಟಾಗಲಿಲ್ಲ. ಆದರೆ ಇಲ್ಲಿ ನಮ್ಮವರು ಬೇರೆ ಮಾತು ಹೇಳುತ್ತಾರೆ ಮೇಡಂ, ಹದಿನೇಳಾದ ಮಕ್ಕಳೂ ಬಂದಿದ್ದಾರಂತೆ, ನೀವು ಕಳಿಸಿಬಿಡಿ ಎಂದು ಮರುಟಪಾಲಿನಲ್ಲಿ ಬರೆದ. ಕಮಲಾದೇವಿ ಒಪ್ಪಲಿಲ್ಲ. ಅಂಥವರು ಅದೃಷ್ಟದಿಂದ ದಾಟಿರಬಹುದು, ಅದೃಷ್ಟವನ್ನು ನಂಬಿ ಹೆಣ್ಣುಮಗುವನ್ನು ಕಳಿಸಲಾಗದು, ಸ್ವಲ್ಪ ತಾಳ್ಮೆಯಿರಲಿ ಎಂದು ಬರೆದರು.

ಏಪ್ರಿಲಿನಲ್ಲಿ ಮೀನಾಕ್ಷಮ್ಮ ತಾನೇ ಹುಡುಕಿಕೊಂಡು ಮನೆಗೆ ಬಂದಳು. ಬನಶಂಕರಿಯ ಕಡೆಯವಳು, ಜೋರು ಮಾತಿನ ಹೆಂಗಸು. ಬರುವಾಗ ಒಂದು ಸೀಬೆಹಣ್ಣಿನ ಪೊಟ್ಟಣ ತಂದಿದ್ದಳು. ಗೌರಿಯೂ ಅಲ್ಲೇ ಇದ್ದಳು.

"ನನ್ನ ಮಗಳಿಗೆ ಹದಿನೇಳು ಟೀಚರ್. ಅಲ್ಲಿ ಒಳಗೆ ಬಿಡ್ತಾರೆ ಅಂತ ಅವರಪ್ಪ ಬರ್ದಿದಾರೆ. ಹೊರಟಿದೀವಿ. ಈಗ್ಲೂ ಅರ್ಜಿ ಹಾಕಿದ್ರೆ ಈ ಹುಡುಗಿ ಪಾಸ್‌ಪೋರ್ಟು ಅಷ್ಟರಲ್ಲಿ ಬರುತ್ತೆ. ನನ್ನ ಜೊತೆ ಕಳಿಸಿ, ನನ್ನ ಮಗಳ ಹಾಗೇ ನೋಡ್ಕೋತೀನಿ."

ಕಮಲಾದೇವಿ ನೋಟ್‌ಬುಕ್ಕು ತೆಗೆದು ತಾವು ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದ ಸಾಲನ್ನು ತೋರಿಸಿದರು. ಮೀನಾಕ್ಷಮ್ಮ ಅದನ್ನು ಒಂದು ಗಳಿಗೆ ನೋಡಿದಳು.

"ನಂಗೆ ಇಂಗ್ಲಿಷು ಬರಲ್ಲ ಟೀಚರ್. ಬರದೇ ಇದ್ದಿದ್ದೇ ಒಳ್ಳೇದಾಯ್ತೇನೋ," ಎಂದು ನಕ್ಕಳು.

ಅವಳು ಹೋದ ಮೇಲೆ ಗೌರಿ ಕೇಳಿದಳು: "ಟೀಚರ್, ನೀವು ಹೇಳಿದ್ದೇ ಸರಿ ಅಲ್ವಾ?" ಅವರು ಸರಿ ಎಂದರು. ಅವಳು ತಲೆಯಾಡಿಸಿದಳು. ಅಪ್ಪನಿಗಿಂತ, ಮೀನಾಕ್ಷಮ್ಮನಿಗಿಂತ ಅವಳಿಗೆ ಟೀಚರ ಮೇಲೆ ನಂಬಿಕೆ ಜಾಸ್ತಿ. ಎಂಟು ವರ್ಷ ಅಪ್ಪನ ಮಾತೆಲ್ಲ ಅವಳು ಕೇಳಿದ್ದು ಅವರ ದನಿಯಲ್ಲಿಯೇ ತಾನೆ.

ಜುಲೈಯಲ್ಲಿ ಹಡಗು ಹೋಯಿತು. ಕೋರ್ಟಿನಲ್ಲಿ ಮೂರು ವಾಯಿದೆಯಾಗಿತ್ತು. ಆಗಸ್ಟಿನಲ್ಲಿ ಇಂಗ್ಲೆಂಡಿನ ಸರ್ಕಾರ ವಲಸೆಯ ನೀತಿಯನ್ನು ಬಿಗಿ ಮಾಡಿತೆಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಅದರ ಬೆನ್ನಿಗೆ ಪಾಕಿಸ್ತಾನದ ಜೊತೆ ಯುದ್ಧ ಬಂದು, ಟಪಾಲು ತಡವಾಗಿ, ಬೈರಣ್ಣನ ಕಾಗದ ಕೈಸೇರಿದ್ದು ಅಕ್ಟೋಬರಿನಲ್ಲಿ. ಮೀನಾಕ್ಷಮ್ಮನೂ ಅವಳ ಮಗಳೂ ಜುಲೈ ಕೊನೆಗೆ ಬಂದಿಳಿದರು, ಬಂದರಿನಲ್ಲಿ ಅಧಿಕಾರಿ ಎರಡು ಪ್ರಶ್ನೆ ಕೇಳಿ ಬಿಟ್ಟ, ಅದಾದ ವಾರಕ್ಕೆ ಹೊಸ ನೀತಿ ಬಂದು ಹದಿನಾರಾದವರನ್ನು ಈಗ ಬಿಡುತ್ತಿಲ್ಲ ಎಂದಿತ್ತು. ಕೊನೆಯಲ್ಲಿ, ಇದು ನಮ್ಮ ಹಣೆಬರಹ, ನಿಮ್ಮ ತಪ್ಪಲ್ಲ ಮೇಡಂ ಎಂದಿದ್ದ.

ಅವರ ಅದೃಷ್ಟ ದೊಡ್ಡದಿತ್ತು ಎಂದು ಕಮಲಾದೇವಿ ಗೌರಿಗೆ ಹೇಳಿದರು. ತಾವೂ ಹಾಗೇ ನಂಬಿದರು. ಡಿಕ್ರಿ ಸಿಕ್ಕರೆ ಮುಂದಿನ ವರ್ಷದ ನವೆಂಬರಿನವರೆಗೂ ಅವಳು ಹದಿನಾರರೊಳಗೇ ಇರುತ್ತಾಳೆ. ಇನ್ನೂ ಕಾಲ ಮೀರಿಲ್ಲ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು.

ಆ ಡಿಸೆಂಬರಿನ ಒಂದು ಶನಿವಾರ ಅವರು ಬೇರೆ ದೇಶಗಳ ಕಾನೂನು ನೋಡೋಣವೆಂದು ಅದೇ ಲೈಬ್ರರಿಗೆ ಹೋಗಿದ್ದರು. ಕೆನಡಾದ ಪುಸ್ತಕಕ್ಕೆಂದು ಹಿಂದೆ ಇಂಗ್ಲೆಂಡಿನ ಕಾಯಿದೆ ಸಿಕ್ಕಿದ್ದ ಬೀರುವಿನ ಕೆಳಗಿನ ಹಲಗೆಗೆ ಬಗ್ಗಿದಾಗ, ನೀಲಿ ರಟ್ಟಿನ ಒಂದು ತೆಳು ಪುಸ್ತಕ ಕೈಗೆ ಬಂತು. ಇಂಗ್ಲೆಂಡಿನ ಬಂದರುಗಳ ಅಧಿಕಾರಿಗಳಿಗೆ ಅಲ್ಲಿನ ಸರ್ಕಾರ ೧೯೬೨ರಲ್ಲೇ ಕೊಟ್ಟ ಸೂಚನೆಗಳು. ಅವರು ನಿಂತುಕೊಂಡೇ ಓದಿದರು. ಹದಿನಾರು ತುಂಬಿ ಹದಿನೆಂಟರೊಳಗಿರುವ, ಮದುವೆಯಾಗದ ಮಕ್ಕಳು ತಂದೆತಾಯಿಯ ಬಳಿ ಇರಲು ಬಂದರೆ, ಸಾಮಾನ್ಯವಾಗಿ ಒಳಗೆ ಬಿಡತಕ್ಕದ್ದು ಎಂಬ ಅರ್ಥದ ಮಾತು ಅದರಲ್ಲಿತ್ತು.

ಅದು ಅದೃಷ್ಟವಾಗಿರಲಿಲ್ಲ, ಕ್ರಮವೇ ಆಗಿತ್ತು. ಕಾಯಿದೆಯಲ್ಲಿ ಹದಿನಾರು, ನಡೆಸುವಾಗ ಹದಿನೆಂಟು. ಬೈರಣ್ಣನ ಸ್ನೇಹಿತರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಡಿದ ಮಾತು ಸರಿ, ಮೀನಾಕ್ಷಮ್ಮನ ಗಂಡ ಬರೆದದ್ದು ಸರಿ, ಏನೂ ಗೊತ್ತಿಲ್ಲವೆಂದ ಅನಂತರಾಮು ಹೇಳಿದ್ದೂ ಸರಿ. ತಾವು ಹತ್ತು ವರ್ಷದ ಹಿಂದೆ ಬರೆದ ಆ ತಪ್ಪು ತಾರೀಖಿನಲ್ಲೇ ಗೌರಿ ಹಡಗು ಹತ್ತಿದ್ದರೆ ಇಷ್ಟು ಹೊತ್ತಿಗೆ ಅಪ್ಪನ ಮನೆಯಲ್ಲಿರುತ್ತಿದ್ದಳು. ಲೈಬ್ರರಿಯ ಗುಮಾಸ್ತ ಪ್ರತಿ ಶನಿವಾರವೂ ಇನ್ನೇನಾದರೂ ಬೇಕೇ ಎಂದು ಕೇಳುತ್ತಿದ್ದ. ಈ ಕಾಯಿದೆಗೆ ಸೇರಿದ ಬೇರೆ ಪುಸ್ತಕ ಉಂಟೇನಪ್ಪ ಎಂದು ಒಂದು ಮಾತು ಕೇಳಿದ್ದರೆ ಅವನೇ ತೆಗೆದುಕೊಡುತ್ತಿದ್ದ. ಏನೂ ಬೇಡ ಎಂದು ಅವರು ಪ್ರತಿ ಸಲವೂ ತಲೆಯಾಡಿಸಿದ್ದರು.

ಆ ನೀಲಿ ಪುಸ್ತಕದ ವಿಷಯ ಅವರು ಯಾರಿಗೂ ಹೇಳಲಿಲ್ಲ.

ದಾವೆ ಮುಗಿದದ್ದು ೧೯೬೬ರ ಜುಲೈಯಲ್ಲಿ. ಸಾಕ್ಷಿ ಹೇಳುವ ದಿನ ಸೊಣ್ಣಮ್ಮ ಕಟಕಟೆಯಲ್ಲಿ ನಿಂತು ಸರಪಳಿಯ ಕಥೆ, ಅವರೆ ಹೂವಿನ ಕಥೆ ಹೇಳಿದಾಗ ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ಆಮೇಲೆ ಕಮಲಾದೇವಿಯ ಸರದಿ. ಸುಳ್ಳು ಬರೆದದ್ದು ಹೇಗೆಂದು ಅವರು ಕೈ ಎತ್ತಿ ತೋರಿಸಿ ಹೇಳಿದರು. ಸರ್ಕಾರದ ಕಡೆಯ ವಕೀಲರು ಹೆಚ್ಚೇನೂ ಕೇಳಲಿಲ್ಲ.

"ಐವತ್ತೈದರಲ್ಲಿ ನೀವೇ ಬರೆದು, ನೀವೇ ಸಹಿ ಹಾಕಿದೀರಿ. ಅದು ಸುಳ್ಳು ಅಂತೀರಿ. ಆಗ ಮಗೂಗೆ ಒಳ್ಳೇದಾಗ್ಲಿ ಅಂತ ಸುಳ್ಳು ಬರೆದವರು, ಈಗ್ಲೂ ಮಗೂಗೆ ಒಳ್ಳೇದಾಗ್ಲಿ ಅಂತ ಸುಳ್ಳು ಹೇಳ್ತಿಲ್ಲ ಅನ್ನೋಕೆ ಏನು ಆಧಾರ?"

ದಾವೆ ವಜಾ ಆಯಿತು. ಇಲಾಖೆಯಿಂದ ಮೆಮೊ ಬಂದು ಒಂದು ಇನ್‌ಕ್ರಿಮೆಂಟು ನಿಂತಿತು. ಅದನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಹೊರಗೆ ಹುಣಿಸೇಮರದ ಕೆಳಗೆ ಗೌರಿ ಅಜ್ಜಿಯ ಕೈ ಹಿಡಿದುಕೊಂಡು ನಿಂತಿದ್ದಳು. ಟೀಚರ ಕಣ್ಣಲ್ಲಿ ನೀರು ಕಂಡು, ಹೋಗ್ಲಿ ಬಿಡಿ ಟೀಚರ್, ನೀವೇನು ಮಾಡ್ತೀರಿ, ನೀವು ಕೈಲಾದ್ದೆಲ್ಲ ಮಾಡಿದ್ರಿ ಎಂದು ಅವಳೇ ಸಮಾಧಾನ ಹೇಳಿದಳು. ಕೋರ್ಟಿನಲ್ಲಿ ವಕೀಲರು ಕೇಳಿದ ಮಾತಿಗಿಂತ ಈ ಮಾತು ಅವರನ್ನು ಹೆಚ್ಚು ಇರಿಯಿತು.

ಅಲ್ಲಿಂದ ಮುಂದೆ ಅವರ ಓದು ಹಟಕ್ಕೆ ಬಿತ್ತು. ಹಿಂದೆ ಒಂದು ಸಾಲು ಹುಡುಕಲು ಹೋದವರು, ಈಗ ಪ್ರತಿ ದೇಶದ ಕಾಯಿದೆ, ಅದರ ಕೆಳಗಿನ ನಿಯಮ, ನಿಯಮದ ಕೆಳಗಿನ ಸೂಚನೆ ಎಲ್ಲವನ್ನೂ ಕೇಳಿ ಕೇಳಿ ತೆಗೆಸಿದರು. ಗುಮಾಸ್ತನ ಹತ್ತಿರ ತಮ್ಮ ಹರಕು ಇಂಗ್ಲಿಷಿನಲ್ಲೇ ಮಾತಾಡಿದರು. ಅವನು ಒಮ್ಮೆಯೂ ನಗಲಿಲ್ಲ. ಓದುತ್ತಾ ಹೋದಂತೆ ಅವರಿಗೆ ಒಂದು ವಿಷಯ ಹೊಳೆಯಿತು: ಯಾವ ದೇಶದಲ್ಲೂ ಕಾಯಿದೆಯಷ್ಟನ್ನೇ ಓದಿದರೆ ಅರ್ಧವೂ ತಿಳಿಯುವುದಿಲ್ಲ. ಆಸ್ಟ್ರೇಲಿಯಾದ ಕಾಯಿದೆಯಲ್ಲಿ ಬಣ್ಣದ ಮಾತು ಒಂದಕ್ಷರವಿಲ್ಲ, ಆದರೆ ಬಿಡುವುದಿಲ್ಲ. ಇಂಗ್ಲೆಂಡಿನದರಲ್ಲಿ ಹದಿನೆಂಟರ ಮಾತಿರಲಿಲ್ಲ, ಆದರೆ ಬಿಡುತ್ತಿದ್ದರು. ಸಿಂಹಳದಲ್ಲಿ ಪೌರತ್ವಕ್ಕೆ ಅರ್ಜಿ ಹಾಕಲು ಎರಡು ವರ್ಷ ಅವಕಾಶ ಕೊಟ್ಟಿದ್ದರಂತೆ. ತೋಟದ ಕೂಲಿಗಳು ಅಪ್ಪ ಹುಟ್ಟಿದ್ದಕ್ಕೆ ದಾಖಲೆ ಎಲ್ಲಿಂದ ತರುವುದು? ಆ ಭಾಗ ಓದುವಾಗ ಅವರಿಗೆ ಸೊಣ್ಣಮ್ಮ ಕಟಕಟೆಯಲ್ಲಿ ನಿಂತದ್ದೇ ಕಾಣುತ್ತಿತ್ತು.

ಕೆನಡಾದಲ್ಲಿ ಇಪ್ಪತ್ತೊಂದರವರೆಗೂ ಮಗಳನ್ನು ಕರೆಸಿಕೊಳ್ಳಬಹುದೆಂದು ಕಂಡು, ನೀನು ಅಲ್ಲಿಗೆ ಹೋಗಿಬಿಡು ಎಂದು ಬೈರಣ್ಣನಿಗೆ ಎಂಟು ಪುಟದ ಕಾಗದ ಬರೆದರು. ಅವನ ಉತ್ತರ ಒಂದೇ ಪುಟ. ನನಗೆ ನಲವತ್ತೆರಡಾಯಿತು ಮೇಡಂ, ಊರು ಬಿಡುವುದನ್ನು ಒಂದು ಸಲ ಮಾಡಿದ್ದು ಸಾಕು, ಇನ್ನೊಂದು ಸಲ ಆಗುವುದಿಲ್ಲ ಎಂದಿದ್ದ.

ಅಷ್ಟರಲ್ಲಿ ಗೌರಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ನಾಲ್ಕನೇ ಬ್ಲಾಕಿನಲ್ಲಿ ಟೈಪಿಂಗ್ ಕಲಿಯುತ್ತಿದ್ದಳು. ಅಲ್ಲಿಗೂ ಲಂಡನ್ ಗೌರಿ ಎಂಬ ಹೆಸರು ಹಿಂಬಾಲಿಸಿಕೊಂಡು ಬಂದಿತ್ತು. ಹುಡುಗಿಯರು ಈಗ ಅದನ್ನು ಬೇರೆ ದನಿಯಲ್ಲಿ ಹೇಳುತ್ತಿದ್ದರು.

೧೯೬೭ರ ಆಗಸ್ಟಿನ ಒಂದು ಭಾನುವಾರ ಅವಳು ಬಂದಾಗ ಕಮಲಾದೇವಿಯ ಮುಖ ಬೆಳಗಿತ್ತು. ಒಂದು ದಾರಿ ಸಿಕ್ಕಿತ್ತು. ಹದಿನೆಂಟು ತುಂಬಿದ ಹುಡುಗಿಯರನ್ನು ಇಂಗ್ಲೆಂಡಿನ ಆಸ್ಪತ್ರೆಗಳವರು ನರ್ಸಿಂಗ್ ಕಲಿಯಲು ತೆಗೆದುಕೊಳ್ಳುತ್ತಾರೆ, ಕವೆಂಟ್ರಿಯಲ್ಲೂ ಅಂಥ ಆಸ್ಪತ್ರೆಯಿದೆ. ಸರ್ಟಿಫಿಕೇಟಿನ ಪ್ರಕಾರ ಗೌರಿಗೆ ಜೂನಿನಲ್ಲೇ ಹದಿನೆಂಟಾಗಿದೆ. ಅವಳ ಎದುರಿಗೆ ನೋಟ್‌ಬುಕ್ಕು ಬಿಡಿಸಿಟ್ಟು, ಯಾರಿಗೆ ಬರೆಯಬೇಕು, ಏನು ಲಗತ್ತಿಸಬೇಕು, ಎಲ್ಲ ಹೇಳಿದರು.

ಗೌರಿ ಪೂರ್ತಿ ಕೇಳಿದಳು. ಆಮೇಲೆ ನೋಟ್‌ಬುಕ್ಕನ್ನು ಮೆಲ್ಲಗೆ ಮಡಿಸಿದಳು.

"ಬೇಡ ಟೀಚರ್."

ಕಾರಣ ಕೇಳಿದ್ದಕ್ಕೆ ಅವಳು ಚಾಪೆಯ ಅಂಚಿನ ಒಂದು ಎಳೆ ಕಿತ್ತಳು.

"ಅಪ್ಪನ ಹತ್ರ ಮಗಳಾಗಿ ಹೋಗಿ ಇರ್ಬೇಕು ಅಂತಿತ್ತು. ಅವ್ರು ಕೆಲಸದಿಂದ ಬರೋ ಹೊತ್ತಿಗೆ ಅಡುಗೆ ಮಾಡಿಟ್ಟಿರ್ಬೇಕು, ಸ್ಕೂಲಲ್ಲಿ ಏನಾಯ್ತು ಅಂತ ಅವ್ರು ಕೇಳ್ಬೇಕು. ಅದು ಹದಿನೈದು ಹದಿನಾರಕ್ಕೆ ಟೀಚರ್. ಈಗ ಹಾಸ್ಟೆಲಲ್ಲಿದ್ಕೊಂಡು ಭಾನುವಾರ ಹೋಗಿ ನೋಡ್ಕೊಂಡು ಬರೋದು... ಇಲ್ಲೂ ಹಾಗೇ ಅಲ್ವಾ, ಭಾನುವಾರ ಬಂದು ಕಾಗದ ಕೇಳ್ಕೊಂಡು ಹೋಗ್ತೀನಲ್ಲ." ಅವಳು ನಕ್ಕಳು. "ಅಲ್ದೆ ಅಜ್ಜಿಗೂ ಈಗ ಆಗಲ್ಲ. ಆವಾಗ್ಲಾದ್ರೆ ಗಟ್ಟಿಯಾಗಿದ್ಲು. ನೀವು ಬೇಜಾರು ಮಾಡ್ಕೋಬೇಡಿ. ಕಾನೂನು ಅಡ್ಡ ಬಂತು, ನೀವೇನು ಮಾಡ್ತೀರಿ."

ಆ ಮಾತನ್ನು ಎರಡನೇ ಸಲ ಕೇಳಿಕೊಂಡು ಸುಮ್ಮನಿರುವುದು ಕಮಲಾದೇವಿಯಿಂದ ಆಗಲಿಲ್ಲ.

"ಕಾನೂನು ಅಡ್ಡ ಬರ್ಲಿಲ್ಲ ಗೌರಿ," ಎಂದರು.

ಹೇಳಿದರು. ನೀಲಿ ಪುಸ್ತಕ, ಕೆಳಗಿನ ಹಲಗೆ, ಹದಿನೆಂಟು, ಜುಲೈಯ ಹಡಗು. ಮೀನಾಕ್ಷಮ್ಮನ ಮಗಳು ಹೋದದ್ದು ಅದೃಷ್ಟದಿಂದಲ್ಲ ಎಂದು. ಇದು ತಮಗೆ ಗೊತ್ತಾಗಿ ಇಪ್ಪತ್ತು ತಿಂಗಳಾಯಿತು ಎಂದೂ ಹೇಳಿದರು. ಪಕ್ಕದ ಮನೆಯಲ್ಲಿ ಯಾರೋ ಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟಿಗೆ ಇಬ್ಬರೂ ಕೆಮ್ಮಿದರು.

ಗೌರಿ ಅಳಲಿಲ್ಲ, ಕೂಗಾಡಲಿಲ್ಲ. ಕೆಮ್ಮು ನಿಂತ ಮೇಲೆ ಕೇಳಿದಳು.

"ಕೋರ್ಟ್ ಹತ್ರ ನಾನು ನಿಮಗೆ ಸಮಾಧಾನ ಮಾಡಿದ್ನಲ್ಲ. ಆವತ್ತು ಇದು ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಅಪ್ಪಂಗೆ ಬರ್ದಿದೀರಾ?"

"ಇಲ್ಲ. ಯಾರ್ಗೂ ಹೇಳಿಲ್ಲ. ಇವತ್ತೇ ಬರೀತೀನಿ, ನೀನು ಹೇಳಿದ ಹಾಗೇ ಬರೀತೀನಿ."

"ಬೇಡ," ಎಂದಳು ಗೌರಿ. "ನಾನೇ ಬರೀತೀನಿ. ಒಂದು ಹಾಳೆ ಕೊಡಿ."

ಕಮಲಾದೇವಿ ನೀಲಿ ಏರ್‌ಮೇಲ್ ಹಾಳೆ, ಮಸಿಕುಡಿಕೆ, ಪೆನ್ನು ತಂದು ಇಟ್ಟರು. ಗೌರಿ ಗೋಡೆಯ ಕಡೆಗೆ ತಿರುಗಿ ಕೂತು, ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಹತ್ತು ವರ್ಷದಲ್ಲಿ ಅಪ್ಪನಿಗೆ ಅವಳ ಕೈಯಿಂದ ಹೋಗುತ್ತಿರುವ ಮೊದಲ ಕಾಗದ ಅದೇ ಎಂದು ಕಮಲಾದೇವಿಗೆ ಆಗ ಹೊಳೆಯಿತು. ಅವಳಿಗೆ ಓದಲು, ಬರೆಯಲು ಕಲಿಸಿದವರು ತಾವು. ನಿನ್ನ ಅಪ್ಪನಿಗೆ ನೀನೇ ಬರಿ ಎಂದು ಒಂದು ದಿನವೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಒಳಗೆ ಹೋಗಿ ಅಕ್ಕಿ ತೊಳೆದಿಟ್ಟರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಅವಳು ಎರಡು ಕಡೆಯೂ ತುಂಬಿಸಿ, ಅಂಚಿನಲ್ಲೂ ಏನೋ ಬರೆದು, ಮಡಿಸಿ, ಅಂಟಿಸಿದಳು.

ವಿಳಾಸ ಬರೆಯುವಾಗ ಇಂಗ್ಲಿಷಿನ ಒಂದು ಬೀದಿಯ ಹೆಸರಿನ ಹತ್ತಿರ ಅವಳ ಪೆನ್ನು ತಡೆಯಿತು. ಕಮಲಾದೇವಿ ಹೇಳಿಕೊಡಲು ಬಾಯಿ ತೆರೆದರು. ಅವಳು ಅವರನ್ನು ಕೇಳದೆ, ಅಪ್ಪನ ಹಳೆಯ ಕಾಗದವೊಂದನ್ನು ಕಟ್ಟಿನಿಂದ ಎಳೆದು, ನೋಡಿಕೊಂಡು ಬರೆದಳು. ಹಿಂಬದಿಯಲ್ಲಿ ಕಳಿಸಿದವರ ವಿಳಾಸದ ಜಾಗದಲ್ಲಿ ಯಡಿಯೂರಿನ ತನ್ನ ಮನೆಯ ವಿಳಾಸ ಹಾಕಿದಳು.

"ಇನ್ಮೇಲೆ ಕಾಗದ ಅಲ್ಲಿಗೇ ಬರುತ್ತೆ ಟೀಚರ್. ಅಜ್ಜಿಗೆ ನಾನೇ ಓದಿ ಹೇಳ್ತೀನಿ."

ಕಮಲಾದೇವಿ ಆಗಲಿ ಎಂದರು. ಊಟ ಮಾಡಿಕೊಂಡು ಹೋಗೆಂದು ಕರೆದರು. ಅಜ್ಜಿ ಕಾಯುತ್ತಿರುತ್ತಾಳೆ ಎಂದು ಅವಳು ಚಪ್ಪಲಿ ಮೆಟ್ಟಿದಳು. ಹೊಸ್ತಿಲ ಆಚೆ ಹೋದವಳು ನಿಂತು, ಬರ್ತೀನಿ ಎಂದಷ್ಟೇ ಹೇಳಿ ನಡೆದಳು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ದೀಪಾವಳಿಗೆ ಸೊಣ್ಣಮ್ಮನ ಕೈಯಲ್ಲಿ ಒಂದು ಕಟ್ಟು ಮೆಂತ್ಯಸೊಪ್ಪು ಕಳಿಸಿದ್ದಳು. ಬೈರಣ್ಣ ಕಾಗದ ಬರೆದಿದ್ದಾನೆಯೇ ಎಂದು ಕೇಳಿದ್ದಕ್ಕೆ, ಬರೆದವ್ನೆ ಅಮ್ಮೋರೆ, ದೊಡ್ಡದಾಗಿ ಬರೆದವ್ನೆ, ಗೌರಿ ಓದ್ತಾ ನಗ್ತಾಳೆ, ಒಂದೊಂದ್ಸಲ ಓದೋದು ನಿಲ್ಲಿಸಿಬಿಡ್ತಾಳೆ ಎಂದಳು ಮುದುಕಿ. ಏನು ಬರೆದಿದ್ದಾನೆ ಎಂದು ಕಮಲಾದೇವಿ ಕೇಳಲಿಲ್ಲ. ಸೊಪ್ಪನ್ನು ತೆಗೆದುಕೊಂಡು ಒಳಗೆ ಹೋಗಿ, ಬಿಡಿಸಲು ಕೂತರು.